ಟೆಕ್ಸ್ಚರ್ ಪ್ಯಾಕ್ ಹಾಕಿದ ಮೇಲೆ ಎಮ್ಯುಲೇಟರ್ ಮೆಮೊರಿ ನುಂಗುತ್ತಿದೆಯೇ? ಮೂಲ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಎಮ್ಯುಲೇಟರ್ ಅಂದರೆ ಹಳೆಯ ಗೇಮ್ ಯಂತ್ರಗಳ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಪ್ರೋಗ್ರಾಮ್. ಟೆಕ್ಸ್ಚರ್ ಅಂದರೆ ಆಟದ ಗೋಡೆ, ನೆಲ, ಮುಖಗಳ ಮೇಲೆ ಅಂಟಿಸುವ ಚಿತ್ರ, ಅವುಗಳ ಬದಲಿಗೆ ಹಾಕುವ ದೊಡ್ಡ, ಸ್ಪಷ್ಟ ಚಿತ್ರಗಳ ಕಟ್ಟೇ ಟೆಕ್ಸ್ಚರ್ ಪ್ಯಾಕ್. ಪ್ಯಾಕ್‌ನ ಫೈಲ್ ನೋಡಿದರೆ ಬರೀ 1.5 ಜಿಬಿ. ಕಂಪ್ಯೂಟರ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಬೇಕಾದಷ್ಟಾಯಿತು ಅಲ್ವಾ? ಆದರೂ ಆಟದಲ್ಲಿ ಎರಡನೇ ಊರಿಗೆ ಕಾಲಿಡುವ ಹೊತ್ತಿಗೆ ಸದ್ದು ಕತ್ತರಿಸಿದಂತಾಗುತ್ತದೆ, ಪರದೆ ನಿಂತುಬಿಡುತ್ತದೆ, ಎಮ್ಯುಲೇಟರ್ ಒಂದು ಮಾತೂ ಹೇಳದೆ ಮುಚ್ಚಿಕೊಳ್ಳುತ್ತದೆ. ಪ್ಯಾಕ್ ತೆಗೆದರೆ ಎಲ್ಲ ಸರಿ.

ದಾರಿ ತಪ್ಪಿಸುತ್ತಿರುವುದು ಆ 1.5 ಜಿಬಿ ಅನ್ನುವ ಅಂಕಿ. ಅದು ಡಿಸ್ಕ್‌ನ ಲೆಕ್ಕ. ಮೆಮೊರಿಯ ಲೆಕ್ಕವೇ ಬೇರೆ. ಅದನ್ನು ಮೊದಲು ಮಾಡಿಬಿಡೋಣ. ಅದು ಗೊತ್ತಿಲ್ಲದೆ ಸೆಟ್ಟಿಂಗ್ಸ್ ತಿರುಗಿಸುತ್ತಾ ಕೂತರೆ ಸುಮ್ನೆ ಒಂದು ಸಂಜೆ ಹಾಳು.

ಫೈಲ್ ಸೈಜ್ ಬಿಡಿ, ಪಿಕ್ಸೆಲ್ ಎಣಿಸಿ

ಹೆಚ್ಚಿನ ಪ್ಯಾಕ್‌ಗಳಲ್ಲಿ ಇರುವುದು ಪಿಎನ್‌ಜಿ ಚಿತ್ರಗಳು. ಪಿಎನ್‌ಜಿ ಅಂದರೆ ಡಿಸ್ಕ್‌ನಲ್ಲಿ ಮಡಚಿಟ್ಟ ಚಿತ್ರ. ಗ್ರಾಫಿಕ್ಸ್ ಕಾರ್ಡ್‌ಗೆ ಅದನ್ನು ಮಡಚಿದ ರೂಪದಲ್ಲಿ ಓದಲು ಬರುವುದಿಲ್ಲ. ಹಾಗಾಗಿ ಎಮ್ಯುಲೇಟರ್ ಅದನ್ನು ಪೂರ್ತಿ ಬಿಚ್ಚಿ ಕೊಡಬೇಕು. ಬಿಚ್ಚಿದ ಮೇಲೆ ಪ್ರತಿ ಪಿಕ್ಸೆಲ್‌ಗೂ ನಾಲ್ಕು ಬೈಟ್ ಬೇಕು: ಕೆಂಪು, ಹಸಿರು, ನೀಲಿಗೆ ಒಂದೊಂದು, ಪಾರದರ್ಶಕತೆಯ ಆಲ್ಫಾಗೆ ಒಂದು.

1024×1024 ಚಿತ್ರ ಅಂದರೆ 4 ಎಂಬಿ. 2048×2048 ಅಂದರೆ 16 ಎಂಬಿ. 4096×4096 ಅಂದರೆ 64 ಎಂಬಿ. ಚಿತ್ರದಲ್ಲಿ ಏನಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಕಪ್ಪು ಬಣ್ಣದ 4096×4096 ಪಿಎನ್‌ಜಿ ಡಿಸ್ಕ್‌ನಲ್ಲಿ 100 ಕೆಬಿ ಆಸುಪಾಸಿನಲ್ಲಿ ಮುಗಿದುಹೋಗಬಹುದು. ಮೆಮೊರಿಯಲ್ಲಿ ಅದಕ್ಕೂ 64 ಎಂಬಿಯೇ ಬೇಕು. ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್‌ಗಳು, ಜೊತೆಗಿದ್ದರೆ ಇನ್ನೂ ಮೂರನೇ ಒಂದು ಭಾಗ ಸೇರಿ 85 ಎಂಬಿ ಆಗುತ್ತದೆ.

ಈಗ ನಮ್ಮ ಪ್ಯಾಕ್. 3000 ಚಿತ್ರಗಳಿವೆ, ಸರಾಸರಿ 1024×1024 ಅಂದುಕೊಳ್ಳಿ. 3000 × 4 ಎಂಬಿ, ಹತ್ತಿರ ಹತ್ತಿರ 12 ಜಿಬಿ. ಡಿಸ್ಕ್‌ನಲ್ಲಿ 1.5 ಜಿಬಿ ಇದ್ದದ್ದು ಎಂಟು ಪಟ್ಟು ಆಯಿತು.

ಮೂಲ ಯಂತ್ರಗಳಲ್ಲಿ ಎಷ್ಟಿತ್ತು ಅಂತ ನೆನೆದರೆ ನಗು ಬರುತ್ತದೆ. 1994ರ ಪ್ಲೇಸ್ಟೇಷನ್‌ಗೆ ವಿಡಿಯೋ ಮೆಮೊರಿ 1 ಎಂಬಿ. 2000ದ ಪ್ಲೇಸ್ಟೇಷನ್ 2ಕ್ಕೆ 4 ಎಂಬಿ. 1996ರ ನಿಂಟೆಂಡೊ 64ರಲ್ಲಿ ಟೆಕ್ಸ್ಚರ್ ಇಟ್ಟುಕೊಳ್ಳುವ ಜಾಗ ಬರೀ 4 ಕೆಬಿ. ಕೈಯಲ್ಲಿ ಹಿಡಿದು ಆಡುವ ಮೊದಲ ಪಿಎಸ್‌ಪಿಯ ಮುಖ್ಯ ಮೆಮೊರಿ 32 ಎಂಬಿ, ಅಂದರೆ ಒಂದೇ ಒಂದು 4096 ಚಿತ್ರಕ್ಕೆ ಅಂಥ ಎರಡು ಪಿಎಸ್‌ಪಿ ಬೇಕು. ಆ ಆಟಗಳು ಇಷ್ಟು ಚಿಕ್ಕ ಜಾಗದಲ್ಲಿ ಓಡಲಿ ಅಂತಲೇ ಬರೆದಂಥವು. ನಾವು ಒಂದೊಂದು ಚಿತ್ರವನ್ನೂ ಉದ್ದದಲ್ಲಿ ನಾಲ್ಕು ಪಟ್ಟು, ಅಗಲದಲ್ಲಿ ನಾಲ್ಕು ಪಟ್ಟು ಹಿಗ್ಗಿಸುತ್ತೇವೆ. ಬಾಯಲ್ಲಿ ನಾಲ್ಕು ಪಟ್ಟು ಅನ್ನುತ್ತೇವೆ, ಮೆಮೊರಿಯಲ್ಲಿ ಅದು ಹದಿನಾರು ಪಟ್ಟು.

ಹಂತ 1: ತಪ್ಪು ಪ್ಯಾಕ್‌ನದ್ದೇನಾ?

ಪ್ಯಾಕ್‌ನ ಫೋಲ್ಡರ್ ಅಳಿಸಬೇಡಿ, ಹೆಸರು ಬದಲಿಸಿ. ಕೊನೆಗೊಂದು ಅಕ್ಷರ ಸೇರಿಸಿದರೂ ಸಾಕು, ಎಮ್ಯುಲೇಟರ್‌ಗೆ ಅದು ಸಿಗುವುದಿಲ್ಲ. ಈಗ ಅದೇ ಆಟದ ಅದೇ ಜಾಗದಲ್ಲಿ ಹತ್ತು ನಿಮಿಷ ಓಡಾಡಿ. ಆಗಲೂ ಕ್ರ್ಯಾಶ್ ಆದರೆ ಈ ಬರಹ ನಿಮ್ಮ ಸಮಸ್ಯೆಗೆ ಅಲ್ಲ. ಡ್ರೈವರ್, ಆಟದ ಫೈಲ್, ಓವರ್‌ಕ್ಲಾಕ್, ಇವುಗಳ ಕಡೆ ನೋಡಿ.

ಫೋಲ್ಡರ್ ಎಲ್ಲಿರುತ್ತದೆ? ಗೇಮ್‌ಕ್ಯೂಬ್ ಮತ್ತು ವೀ ಆಟಗಳ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ಯೂಸರ್ ಫೋಲ್ಡರ್ ಒಳಗೆ ಲೋಡ್, ಅದರೊಳಗೆ ಟೆಕ್ಸ್ಚರ್ಸ್, ಅದರೊಳಗೆ ಆಟದ ಐಡಿ. ಪಿಎಸ್‌ಪಿ ಆಟಗಳ ಪಿಪಿಎಸ್ಎಸ್‌ಪಿಪಿಯಲ್ಲಿ ಪಿಎಸ್‌ಪಿ ಫೋಲ್ಡರ್ ಒಳಗೆ ಟೆಕ್ಸ್ಚರ್ಸ್, ಅಲ್ಲೂ ಆಟದ ಐಡಿ. ಪ್ಲೇಸ್ಟೇಷನ್ 2 ಆಟಗಳ ಪಿಸಿಎಸ್‌ಎಕ್ಸ್2ನಲ್ಲಿ ಟೆಕ್ಸ್ಚರ್ಸ್ ಒಳಗೆ ಆಟದ ಸೀರಿಯಲ್ ನಂಬರ್, ಅದರೊಳಗೆ ರೀಪ್ಲೇಸ್‌ಮೆಂಟ್ಸ್.

ಇಲ್ಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಟೆಕ್ಸ್ಚರ್ ಡಂಪ್ ಮಾಡುವ, ಅಂದರೆ ಆಟದ ಮೂಲ ಚಿತ್ರಗಳನ್ನು ಡಿಸ್ಕ್‌ಗೆ ಬರೆದಿಡುವ ಆಯ್ಕೆ ಆಫ್ ಇದೆಯಾ ನೋಡಿ. ಪಿಪಿಎಸ್ಎಸ್‌ಪಿಪಿಯಲ್ಲಿ ಅದರ ಹೆಸರು ಸೇವ್ ನ್ಯೂ ಟೆಕ್ಸ್ಚರ್ಸ್, ಬೇರೆಯವುಗಳಲ್ಲಿ ಡಂಪ್ ಟೆಕ್ಸ್ಚರ್ಸ್. ಒಮ್ಮೆ ನಾನು ಒಂದೇ ಒಂದು ಬಾಗಿಲಿನ ಚಿತ್ರ ತೆಗೆಯಲು ಅದನ್ನು ಆನ್ ಮಾಡಿ ಮರೆತೇಬಿಟ್ಟಿದ್ದೆ. ಆಮೇಲೆ ಆಟದ ನಡುವೆ ಬರುವ ವಿಡಿಯೋಗಳನ್ನು ಪೂರ್ತಿ ನೋಡಿದೆ. ವಿಡಿಯೋದ ಒಂದೊಂದು ಫ್ರೇಮ್ ಕೂಡ ಎಮ್ಯುಲೇಟರ್‌ಗೆ ಹೊಸ ಟೆಕ್ಸ್ಚರ್. ಪ್ರತಿಯೊಂದನ್ನೂ ಅದು ಶ್ರದ್ಧೆಯಿಂದ ಡಿಸ್ಕ್‌ಗೆ ಬರೆದಿತ್ತು. ಎರಡು ದಿನ ನಾನು ಮೆಮೊರಿ ಕಮ್ಮಿ ಅಂತ ಒದ್ದಾಡಿದೆ. ನೋಡಿದರೆ ತುಂಬಿದ್ದು ಡಿಸ್ಕ್. ಡಿಸ್ಕ್ ತುಂಬಿದ್ದರಿಂದ ವಿಂಡೋಸ್‌ನ ಪೇಜ್ ಫೈಲ್, ಅಂದರೆ ರ‍್ಯಾಮ್ ಸಾಲದಾದಾಗ ಅದು ಡಿಸ್ಕ್‌ನಲ್ಲಿ ಬಳಸುವ ಫೈಲ್, ಬೆಳೆಯಲು ಜಾಗವಿರಲಿಲ್ಲ, ಅದಕ್ಕೇ ಎಮ್ಯುಲೇಟರ್ ಬೀಳುತ್ತಿತ್ತು.

ಹಂತ 2: ಯಾವ ಮೆಮೊರಿ ಮುಗಿಯುತ್ತಿದೆ?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಕ್ರ್ಯಾಶ್ ಆಯಿತು ಅಂದ ಕೂಡಲೇ ರ‍್ಯಾಮ್ ಕೊಳ್ಳಿ ಅನ್ನುವ ಸಲಹೆಯೂ ಹಾಗೇ. ಮುಗಿಯಬಹುದಾದ ಜಾಗಗಳು ನಿಜಕ್ಕೂ ಮೂರು: ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್‌ನ ವಿಡಿಯೋ ಮೆಮೊರಿ, ಮತ್ತು ಹಳೆಯ 32 ಬಿಟ್ ಎಮ್ಯುಲೇಟರ್ ಆದರೆ ಅದರ ಸ್ವಂತ ಮಿತಿ. ಮೂರರ ಲಕ್ಷಣವೂ ಬೇರೆ, ಮದ್ದೂ ಬೇರೆ.

ರ‍್ಯಾಮ್ ಮುಗಿದಾಗ ಇಡೀ ಕಂಪ್ಯೂಟರ್ ನರಳುತ್ತದೆ. ಮೌಸ್ ತಡವರಿಸುತ್ತದೆ, ಡಿಸ್ಕ್ ಒಂದೇ ಸಮನೆ ಓಡುತ್ತದೆ, ಬ್ರೌಸರ್‌ಗೆ ಹೋದರೆ ಟ್ಯಾಬ್ ಮತ್ತೆ ಲೋಡ್ ಆಗುತ್ತದೆ. ಎಮ್ಯುಲೇಟರ್ ಬರೆದಿಡುವ ಲಾಗ್‌ನಲ್ಲಿ 'ಬ್ಯಾಡ್ ಅಲಾಕ್' ಅಥವಾ ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡಲು ವಲ್ಕನ್ ಅನ್ನುವ ವಿಧಾನ ಬಳಸುತ್ತಿದ್ದರೆ 'ಔಟ್ ಆಫ್ ಹೋಸ್ಟ್ ಮೆಮೊರಿ' ಅನ್ನುವ ಮಾತು ಸಿಗಬಹುದು.

ವಿಡಿಯೋ ಮೆಮೊರಿ ಮುಗಿದಾಗ ಕಂಪ್ಯೂಟರ್ ಆರಾಮಾಗಿಯೇ ಇರುತ್ತದೆ, ಆಟ ಮಾತ್ರ ಒದ್ದಾಡುತ್ತದೆ. ಕ್ಯಾಮೆರಾ ತಿರುಗಿಸಿದಾಗಲೆಲ್ಲ ಮುಗ್ಗರಿಸುತ್ತದೆ, ಕೆಲವು ಗೋಡೆಗಳು ಕಪ್ಪಾಗಿ ಬರುತ್ತವೆ. ಲಾಗ್‌ನಲ್ಲಿ 'ಔಟ್ ಆಫ್ ಡಿವೈಸ್ ಮೆಮೊರಿ', 'ಡಿವೈಸ್ ಲಾಸ್ಟ್', ಅಂಥದ್ದೇ ಇನ್ನೊಂದು ವಿಧಾನ ಡೈರೆಕ್ಟ್‌ಎಕ್ಸ್ ಆದರೆ 'ಡಿವೈಸ್ ರಿಮೂವ್ಡ್' ಅಂತ ಇರಬಹುದು. ಹೋಸ್ಟ್ ಅಂದರೆ ರ‍್ಯಾಮ್, ಡಿವೈಸ್ ಅಂದರೆ ಗ್ರಾಫಿಕ್ಸ್ ಕಾರ್ಡ್. ಈ ಒಂದು ಪದದ ವ್ಯತ್ಯಾಸ ಗಮನಿಸಿದರೆ ಅರ್ಧ ಕೆಲಸ ಮುಗಿಯಿತು. ಒಂದು ಎಚ್ಚರಿಕೆ: ಡಿವೈಸ್ ಲಾಸ್ಟ್ ಅನ್ನುವುದು ಡ್ರೈವರ್ ಕೈಕೊಟ್ಟಾಗಲೂ ಬರುತ್ತದೆ. ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

32 ಬಿಟ್ ಪ್ರೋಗ್ರಾಮ್ ಆದರೆ ವಿಂಡೋಸ್‌ನಲ್ಲಿ ಅದಕ್ಕೆ ಸಿಗುವುದು ಸಾಮಾನ್ಯವಾಗಿ 2 ಜಿಬಿ, ಎಷ್ಟೇ ಎಳೆದರೂ 4 ಜಿಬಿ. ಕಂಪ್ಯೂಟರ್‌ನಲ್ಲಿ 32 ಜಿಬಿ ಖಾಲಿ ಬಿದ್ದಿದ್ದರೂ ಅದು ಕೈ ಚಾಚಲಾರದು. ಸರಿಯಾಗಿ ಆ ಗಡಿಯ ಹತ್ತಿರ ಬಂದು ಬೀಳುತ್ತಿದ್ದರೆ ಬೇರೆ ಏನೂ ಹುಡುಕಬೇಡಿ, 64 ಬಿಟ್ ಆವೃತ್ತಿ ಹಾಕಿ. ಈ ತೊಂದರೆ ಹೆಚ್ಚಾಗಿ ಹಳೆಯ ನಿಂಟೆಂಡೊ 64 ಎಮ್ಯುಲೇಟರ್ ಮತ್ತು ಪ್ಲಗಿನ್‌ಗಳಲ್ಲಿ. ಡಾಲ್ಫಿನ್ 2014ರಲ್ಲೇ 32 ಬಿಟ್ ಕೈಬಿಟ್ಟಿತು.

ಅಳೆಯುವುದು ಹೇಗೆ? ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಮೇಲಿನ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ಕಮಿಟ್ ಸೈಜ್ ಅನ್ನುವ ಕಾಲಮ್ ಸೇರಿಸಿ. ಸುಮ್ಮನೆ ಕಾಣುವ ಮೆಮೊರಿ ಕಾಲಮ್ ಪೂರ್ತಿ ಸತ್ಯ ಹೇಳುವುದಿಲ್ಲ. ಪ್ರೋಗ್ರಾಮ್ ತನಗೆ ಬೇಕು ಅಂತ ಕಾದಿರಿಸಿಕೊಂಡ ಒಟ್ಟು ಮೊತ್ತ ಕಮಿಟ್ ಸೈಜ್‌ನಲ್ಲಿ ಕಾಣುತ್ತದೆ. ಆಮೇಲೆ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಜಿಪಿಯು ಒತ್ತಿದರೆ ಎರಡು ಗೆರೆ ಕಾಣುತ್ತವೆ: ಡೆಡಿಕೇಟೆಡ್ ಮತ್ತು ಶೇರ್ಡ್. ಡೆಡಿಕೇಟೆಡ್ ತುಂಬಿ ಶೇರ್ಡ್ ಏರಲು ಶುರುವಾಯಿತೋ, ನಿಮ್ಮ ಟೆಕ್ಸ್ಚರ್‌ಗಳು ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಹಿಡಿಸದೆ ರ‍್ಯಾಮ್‌ಗೆ ಚೆಲ್ಲುತ್ತಿವೆ ಅಂತ ಅರ್ಥ. ಆಟ ಮುಗ್ಗರಿಸುವುದು ಶುರುವಾಗುವುದೂ ಸಾಮಾನ್ಯವಾಗಿ ಆಗಲೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಆದರೆ ಈ ಎರಡೂ ಕಡೆಗೆ ಒಂದೇ ರ‍್ಯಾಮ್. ಒಂದು ಟೆಕ್ಸ್ಚರ್ ಎರಡು ಸಲ ಕೂತು, ಜಾಗ ಎರಡು ಪಟ್ಟು ಹೋಗಬಹುದು.

ಲಿನಕ್ಸ್‌ನವರು ಕ್ರ್ಯಾಶ್ ಆದ ಮೇಲೆ ಡಿಮೆಸೆಜ್ (dmesg) ಅನ್ನುವ ಕಮಾಂಡ್‌ನ ಔಟ್‌ಪುಟ್ ನೋಡಿ. 'ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್' ಅಂತಿದ್ದರೆ ಕೊಂದಿದ್ದು ಲಿನಕ್ಸ್‌ನ ತಿರುಳಾದ ಕರ್ನಲ್. ವಿಂಡೋಸ್‌ನಲ್ಲಿ ಇದಕ್ಕೆ ಸಮವಾದದ್ದು ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಬರುವ 2004 ನಂಬರಿನ ಎಚ್ಚರಿಕೆ. ಯಾವ ಪ್ರೋಗ್ರಾಮ್ ಎಷ್ಟು ಮೆಮೊರಿ ಹಿಡಿದಿತ್ತು ಅಂತ ಅದರಲ್ಲಿ ಬರೆದಿರುತ್ತದೆ.

ನಾಲ್ಕು ಸಲ ಅಂಕಿ ಬರೆದಿಟ್ಟುಕೊಳ್ಳಿ: ಆಟ ಹಾಕುವ ಮೊದಲು, ಆಟದ ಹೆಸರು ಬಂದಾಗ, ಮೊದಲ ಜಾಗದಲ್ಲಿ, ಬೀಳುವ ಸ್ವಲ್ಪ ಮೊದಲು. ಹೆಸರು ಬರುವ ಮೊದಲೇ ಅಂಕಿ ಗೋಡೆಯಂತೆ ಎದ್ದು ನಿಂತರೆ ಹಂತ 3. ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಹಂತ 4ರಿಂದ ಶುರು ಮಾಡಿ.

ಹಂತ 3: ಎಲ್ಲವನ್ನೂ ಮೊದಲೇ ತುಂಬಿಸುವುದನ್ನು ನಿಲ್ಲಿಸಿ

ಡಾಲ್ಫಿನ್‌ನಲ್ಲಿ ಗ್ರಾಫಿಕ್ಸ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಪ್ರಿಫೆಚ್ ಕಸ್ಟಮ್ ಟೆಕ್ಸ್ಚರ್ಸ್ ಅಂತ ಒಂದು ಆಯ್ಕೆ ಇದೆ. ಪಿಸಿಎಸ್‌ಎಕ್ಸ್2ನಲ್ಲಿ ಪ್ರಿಕ್ಯಾಶ್ ಟೆಕ್ಸ್ಚರ್ಸ್. ನಿಂಟೆಂಡೊ 3ಡಿಎಸ್ ಆಟಗಳ ಅಜಹಾರ್‌ನಲ್ಲಿ ಪ್ರಿಲೋಡ್ ಕಸ್ಟಮ್ ಟೆಕ್ಸ್ಚರ್ಸ್. ಹೆಸರು ಮೂರಾದರೂ ಮಾಡುವುದು ಒಂದೇ ಕೆಲಸ. ಆಟ ಶುರುವಾಗುವಾಗಲೇ ಪ್ಯಾಕ್‌ನ ಪ್ರತಿ ಚಿತ್ರವನ್ನೂ ಬಿಚ್ಚಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ. ಕೊನೆಯ ಕೋಟೆಯ ಬಾಗಿಲೂ ಅದರಲ್ಲಿ ಬಂತು. ನೀವು ಇನ್ನೂ ಹೆಸರು ಟೈಪ್ ಮಾಡುತ್ತಿರುತ್ತೀರಿ.

ಡಾಲ್ಫಿನ್ ಇದರಲ್ಲಿ ಸ್ವಲ್ಪ ಜಾಣತನ ತೋರಿಸುತ್ತದೆ. 4 ಜಿಬಿ ಮೇಲ್ಪಟ್ಟ ಕಂಪ್ಯೂಟರ್ ಆದರೆ 2 ಜಿಬಿ ಸಿಸ್ಟಮ್‌ಗೆ ಬಿಟ್ಟು, ಉಳಿದದ್ದು ತುಂಬಿದ ಕೂಡಲೇ ಪ್ರಿಫೆಚ್ ನಿಲ್ಲಿಸಿ, ರ‍್ಯಾಮ್ ಸಾಲದು ಅಂತ ಪರದೆಯ ಮೇಲೆ ಒಂದು ಸಾಲು ತೋರಿಸುತ್ತದೆ. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಮಾಯವಾಗುತ್ತದೆ. ನಮ್ಮ 8 ಜಿಬಿ ಕಂಪ್ಯೂಟರ್‌ನಲ್ಲಿ ಅದು 6 ಜಿಬಿವರೆಗೆ ತುಂಬಬಹುದು. ಆದರೆ ಬ್ರೌಸರ್ ಮತ್ತು ವಿಂಡೋಸ್ ಸೇರಿ ಆಗಲೇ 4 ಜಿಬಿ ಹಿಡಿದಿದ್ದರೆ? ಅಲ್ಲಿಂದ ಶುರು, ಡಿಸ್ಕ್‌ಗೂ ರ‍್ಯಾಮ್‌ಗೂ ನಡುವೆ ಎತ್ತಿ ಹಾಕುವ ಆಟ.

ಹಾಗಾಗಿ ಇದನ್ನು ಆಫ್ ಮಾಡಿ. ಪಿಸಿಎಸ್‌ಎಕ್ಸ್2ನಲ್ಲಿ ಇದರ ಬದಲು ಅಸಿಂಕ್ರೊನಸ್ ಟೆಕ್ಸ್ಚರ್ ಲೋಡಿಂಗ್ ಆನ್ ಮಾಡಿ. ಬೇಕಾದ ಚಿತ್ರ ಹಿನ್ನೆಲೆಯಲ್ಲಿ ಬರುತ್ತದೆ. ಅದು ಬರುವ ತನಕ ಹಳೆಯ ಮಸುಕು ಚಿತ್ರ ಅರೆಗಳಿಗೆ ಕಾಣಿಸಬಹುದು. ಅದೊಂದು ದೊಡ್ಡ ತೊಂದರೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಪ್ಯಾಕ್ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಸಾಗಿಸಿ, ಪ್ರಿಫೆಚ್ ಇಲ್ಲದ ಕೊರತೆ ಬಹುಪಾಲು ತುಂಬಿಹೋಗುತ್ತದೆ.

ಮೊದಲ ಸಲ ಒಂದು ಜಾಗಕ್ಕೆ ಹೋದಾಗ ಮಾತ್ರ ಚೂರು ತಡೆದು, ಎರಡನೇ ಸಲ ಸಲೀಸಾಗಿ ಓಡಿದರೆ ಅದು ಮೆಮೊರಿ ಸಮಸ್ಯೆ ಅಲ್ಲವೇ ಅಲ್ಲ. ಡಿಸ್ಕ್ ನಿಧಾನ, ಅಷ್ಟೇ.

ನಿಂಟೆಂಡೊ 64ರಲ್ಲಿ ಜಿಲೈಡ್‌ಎನ್64 ಅನ್ನುವ ಗ್ರಾಫಿಕ್ಸ್ ಪ್ಲಗಿನ್ ಬಳಸುವವರಿಗೆ ಬೇರೆ ದಾರಿ ಇದೆ. ಅದು ಪ್ಯಾಕನ್ನು ಎಚ್‌ಟಿಸಿ ಅನ್ನುವ ಕ್ಯಾಶ್ ಫೈಲ್ ಮಾಡಿಕೊಂಡು ಪೂರ್ತಿ ಮೆಮೊರಿಗೆ ಎಳೆದುಕೊಳ್ಳುತ್ತದೆ. ಮೆಮೊರಿ ಕ್ಯಾಶ್ ಬದಲು ಫೈಲ್ ಸ್ಟೋರೇಜ್ ಬಳಸು ಅನ್ನುವ ಆಯ್ಕೆ ಹಾಕಿದರೆ ಎಚ್‌ಟಿಎಸ್ ಫೈಲ್ ತಯಾರಾಗುತ್ತದೆ. ಆಗ ಬೇಕಾದ ಚಿತ್ರವನ್ನು ಮಾತ್ರ ಡಿಸ್ಕ್‌ನಿಂದ ಓದುತ್ತದೆ. ದೊಡ್ಡ ಪ್ಯಾಕ್‌ಗಳಿಗೆ ಇದೇ ಸರಿ.

ಹಂತ 4: ಪ್ಯಾಕ್ ಅಲ್ಲದೆ ಬೇರೆ ಯಾರು ತಿನ್ನುತ್ತಿದ್ದಾರೆ?

ಬೈಗುಳ ಎಲ್ಲ ಪ್ಯಾಕ್‌ಗೆ, ತಿನ್ನುವುದು ಮಾತ್ರ ಇನ್ನೊಬ್ಬರು. ಎಷ್ಟೋ ಸಲ ಹೀಗಾಗುತ್ತದೆ. ಗೇಮ್‌ಕ್ಯೂಬ್‌ನ ಮೂಲ ಚಿತ್ರ 640×528. ಡಾಲ್ಫಿನ್‌ನಲ್ಲಿ ಇಂಟರ್ನಲ್ ರೆಸಲ್ಯೂಶನ್ ಆರು ಪಟ್ಟು ಇಟ್ಟರೆ 3840×3168. ಆ ಚಿತ್ರದ ಬಣ್ಣ ಇಟ್ಟುಕೊಳ್ಳುವ ಜಾಗ, ಅಂದರೆ ಬಫರ್, 46 ಎಂಬಿ ಆಸುಪಾಸು, ಆಳದ ಲೆಕ್ಕಕ್ಕೆ ಇನ್ನೊಂದು ಅಷ್ಟೇ. ಇದರ ಮೇಲೆ ಅಂಚುಗಳನ್ನು ನಯ ಮಾಡುವ ಎಂಎಸ್‌ಎಎ 8 ಪಟ್ಟು ಹಾಕಿದರೆ ಇವೆರಡೂ ಎಂಟು ಪಟ್ಟಾಗಿ ಸುಮಾರು 740 ಎಂಬಿ. 2 ಜಿಬಿಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು, ಇನ್ನೂ ಒಂದು ಟೆಕ್ಸ್ಚರ್ ಕೂಡ ಬಂದಿಲ್ಲ.

ಮೊದಲು ಎಂಎಸ್‌ಎಎ ಆಫ್ ಮಾಡಿ, ಆಮೇಲೆ ಇಂಟರ್ನಲ್ ರೆಸಲ್ಯೂಶನ್ ನಿಮ್ಮ ಪರದೆಗೆ ತಕ್ಕಷ್ಟಕ್ಕೆ ಇಳಿಸಿ. 1080ಪಿ ಪರದೆಗೆ ಮೂರು ಪಟ್ಟು ಸಾಕು. ಪಿಪಿಎಸ್ಎಸ್‌ಪಿಪಿಯಲ್ಲಿ ಟೆಕ್ಸ್ಚರ್ ಅಪ್‌ಸ್ಕೇಲಿಂಗ್ ಅಂತ ಇನ್ನೊಂದಿದೆ. ಅದು ಆಟದ ಮೂಲ ಚಿತ್ರಗಳನ್ನು ತಾನೇ ಹಿಗ್ಗಿಸುವ ವ್ಯವಸ್ಥೆ. ಪ್ಯಾಕ್ ಇರುವಾಗ ಅದರ ಅಗತ್ಯ ಇಲ್ಲ, ತೆಗೆಯಿರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಂಕಿ ನೋಡಿ. ಐದನ್ನು ಒಟ್ಟಿಗೆ ಬದಲಿಸಿದರೆ ಸರಿ ಮಾಡಿದ್ದು ಯಾವುದು ಅಂತ ಎಂದಿಗೂ ತಿಳಿಯುವುದಿಲ್ಲ.

ಹಂತ 5: ಪಿಎನ್‌ಜಿ ಬಿಟ್ಟು ಡಿಡಿಎಸ್‌ಗೆ ಬನ್ನಿ

ನನ್ನ ಪ್ರಕಾರ ನಿಜವಾದ ಮದ್ದು ಇದೇ. ಉಳಿದವೆಲ್ಲ ತೇಪೆ.

ಗ್ರಾಫಿಕ್ಸ್ ಕಾರ್ಡ್‌ಗೆ ಪಿಎನ್‌ಜಿ ಓದಲು ಬರುವುದಿಲ್ಲ ಅಂದೆ. ಆದರೆ ಕೆಲವು ಬಗೆಯ ಮಡಚಿದ ಚಿತ್ರಗಳನ್ನು ಅದು ಬಿಚ್ಚದೆಯೇ ನೇರವಾಗಿ ಓದುತ್ತದೆ. ಅವೇ ಬಿಸಿ1, ಬಿಸಿ3, ಬಿಸಿ7. ಇವು ಚಿತ್ರವನ್ನು 4×4 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಇಷ್ಟೇ ಬೈಟ್‌ನಲ್ಲಿ ಅಂತ ಅಡಕ ಮಾಡುತ್ತವೆ. ಬಿಸಿ7 ಮತ್ತು ಬಿಸಿ3ರಲ್ಲಿ ಒಂದು ಚೌಕಕ್ಕೆ 16 ಬೈಟ್, ಅಂದರೆ ಪಿಕ್ಸೆಲ್‌ಗೆ ಒಂದು ಬೈಟ್. ಬಿಸಿ1ರಲ್ಲಿ 8, ಅಂದರೆ ಅರ್ಧ ಬೈಟ್. 64 ಎಂಬಿಯ 4096 ಚಿತ್ರ ಬಿಸಿ7ರಲ್ಲಿ 16 ಎಂಬಿ, ಬಿಸಿ1ರಲ್ಲಿ 8 ಎಂಬಿ. ಡಿಡಿಎಸ್ ಅನ್ನುವುದು ಇವುಗಳನ್ನು ತುಂಬಿಡುವ ಡಬ್ಬಿ.

ನಮ್ಮ 3000 ಚಿತ್ರಗಳ ಪ್ಯಾಕ್‌ಗೆ ಮರಳಿ ಬನ್ನಿ. ಬಿಸಿ7 ಮಾಡಿದರೆ ಡಿಸ್ಕ್‌ನಲ್ಲಿ 1.5 ಜಿಬಿ ಇದ್ದದ್ದು 3 ಜಿಬಿ ಆಗುತ್ತದೆ. ಇಲ್ಲಿ ಅನೇಕರು ಗಾಬರಿಯಾಗಿ ವಾಪಸ್ ಹೋಗುತ್ತಾರೆ. ಹೋಗಬೇಡಿ. ಮೆಮೊರಿಯಲ್ಲಿ ಅದೇ ಪ್ಯಾಕ್ 12 ಜಿಬಿಯಿಂದ 3 ಜಿಬಿಗೆ ಇಳಿಯಿತು. ಬಿಚ್ಚುವ ಕೆಲಸವೂ ಇಲ್ಲದ್ದರಿಂದ ಲೋಡ್ ಕೂಡ ಬೇಗ ಆಗುತ್ತದೆ.

ಮಾಡುವ ವಿಧಾನ ಹೀಗೆ. ಪ್ಯಾಕ್‌ನ ಒಂದು ನಕಲು ಬೇರೆ ಕಡೆ ಇಡಿ. ವಿಂಡೋಸ್‌ನಲ್ಲಿ ಟೆಕ್ಸ್‌ಕಾನ್ವ್ ಅನ್ನುವ ಚಿಕ್ಕ ಉಚಿತ ಟೂಲ್ ಸಿಗುತ್ತದೆ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್‌ಟೆಕ್ಸ್ ಯೋಜನೆಯ ಭಾಗ ಅದು. ಕಮಾಂಡ್ ಲೈನ್ ಬೇಡ ಅನ್ನುವವರಿಗೆ ಕಂಪ್ರೆಸನೇಟರ್ ಇದೆ. ಫಾರ್ಮ್ಯಾಟ್ ಬಿಸಿ7 ಯುನಾರ್ಮ್ ಅಂತ ಕೊಡಿ, ಮಿಪ್‌ಮ್ಯಾಪ್ ಸಂಖ್ಯೆ ಸೊನ್ನೆ ಕೊಡಿ. ಟೆಕ್ಸ್‌ಕಾನ್ವ್‌ನಲ್ಲಿ ಸೊನ್ನೆ ಅಂದರೆ ಇಡೀ ಸರಣಿ ಮಾಡು ಅಂತ, ಬೇಡ ಅಂತ ಅಲ್ಲ. ಮೊದಲು ಹತ್ತು ಚಿತ್ರ ಮಾತ್ರ ಪರಿವರ್ತಿಸಿ, ಆಟದಲ್ಲಿ ನೋಡಿ, ಆಮೇಲೆ ಉಳಿದವು. ಬಿಸಿ7 ಮಾಡಲು ಹೊತ್ತು ಹಿಡಿಯುತ್ತದೆ, ಸಾವಿರಾರು ಚಿತ್ರವಿದ್ದರೆ ರಾತ್ರಿ ಬಿಟ್ಟು ಮಲಗಿ. ಮುಗಿದ ಮೇಲೆ ಅದೇ ಹೆಸರಿನ ಪಿಎನ್‌ಜಿ ಫೈಲ್‌ಗಳನ್ನು ಆ ಫೋಲ್ಡರ್‌ನಿಂದ ತೆಗೆಯಿರಿ. ಎರಡೂ ಇದ್ದರೆ ಯಾವುದು ಲೋಡ್ ಆಯಿತು ಅನ್ನುವ ಗೊಂದಲ.

ಎಡವುವ ಜಾಗಗಳು ಕೆಲವಿವೆ. ಫೈಲಿನ ಹೆಸರಿನಲ್ಲಿ ಒಂದು ಅಕ್ಷರವೂ ಬದಲಾಗಬಾರದು. ಆ ಉದ್ದದ ಅಂಕಿ ಅಕ್ಷರಗಳ ಸಾಲು ಮೂಲ ಚಿತ್ರದ ಗುರುತು, ಅದು ತಪ್ಪಿದರೆ ಎಮ್ಯುಲೇಟರ್‌ಗೆ ಚಿತ್ರ ಸಿಗುವುದೇ ಇಲ್ಲ. ಪಿಪಿಎಸ್ಎಸ್‌ಪಿಪಿಯಲ್ಲಾದರೆ ಟೆಕ್ಸ್ಚರ್ಸ್ ಐಎನ್‌ಐ ಫೈಲ್‌ನಲ್ಲಿ ಪಿಎನ್‌ಜಿ ಅಂತ ಬರೆದ ಕಡೆಯೆಲ್ಲ ಹೊಸ ಹೆಸರು ಹಾಕಬೇಕು. ಚಿತ್ರದ ಉದ್ದ ಅಗಲ ನಾಲ್ಕರಿಂದ ಭಾಗವಾಗಬೇಕು, ಚೌಕಗಳು 4×4 ಆಗಿರುವುದಕ್ಕೇ. ಡಾಲ್ಫಿನ್‌ನಲ್ಲಿ ಹೆಸರಿನ ನಡುವೆ ಎಂ ಅಕ್ಷರ ಒಂಟಿಯಾಗಿ ಕಂಡರೆ ಮೂಲದಲ್ಲಿ ಮಿಪ್‌ಮ್ಯಾಪ್ ಇತ್ತು ಅಂತ. ನಿಮ್ಮದರಲ್ಲೂ ಇರಲೇಬೇಕು.

ಎಲ್ಲಕ್ಕೂ ಬಿಸಿ1 ಹಾಕಿ ಇನ್ನೂ ಅರ್ಧ ಉಳಿಸೋಣ ಅಂತ ಆಸೆಯಾಗುತ್ತದೆ. ಗೋಡೆ, ನೆಲ, ಕಲ್ಲು, ಮಣ್ಣಿಗೆ ಹಾಕಿ, ಪರವಾಗಿಲ್ಲ. ಆಕಾಶಕ್ಕೆ ಹಾಕಿದರೆ ಬಣ್ಣ ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ. ಅಕ್ಷರ, ಮೆನು, ಮುಖಗಳಿಗೂ ಬೇಡ. ಎಲೆ, ಹೊಗೆ, ಗಾಜಿಗಂತೂ ಬೇಡವೇ ಬೇಡ, ಬಿಸಿ1ರಲ್ಲಿ ಪಾರದರ್ಶಕತೆ ಅಂದರೆ ಇದೆ ಅಥವಾ ಇಲ್ಲ, ನಡುವಿನದ್ದು ಗೊತ್ತೇ ಇಲ್ಲ. ಇನ್ನೊಂದು ಸೂಕ್ಷ್ಮ: ಪ್ಲೇಸ್ಟೇಷನ್ 2ರಲ್ಲಿ ಆಲ್ಫಾದ ಪೂರ್ಣ ಬೆಲೆ 255 ಅಲ್ಲ, 128. ಪ್ಯಾಕ್‌ನ ಚಿತ್ರ ಅರ್ಧ ಪಾರದರ್ಶಕವಾಗಿ ಕಂಡಿತು ಅಂತ ಫೋಟೋ ಎಡಿಟರ್‌ನಲ್ಲಿ ಸರಿ ಮಾಡಲು ಹೋಗಬೇಡಿ. ಅದು ಇರಬೇಕಾದ್ದೇ ಹಾಗೆ.

ಹಂತ 6: ದೊಡ್ಡವರನ್ನು ಹುಡುಕಿ ಕಿರಿದು ಮಾಡಿ

ಫೋಲ್ಡರ್‌ನಲ್ಲಿ ಫೈಲ್ ಸೈಜ್ ಬದಲು ಡೈಮೆನ್ಶನ್ಸ್ ಕಾಲಮ್ ಹಾಕಿ ನೋಡಿ. ಡಾಲ್ಫಿನ್‌ನ ಫೈಲಿನ ಹೆಸರಿನಲ್ಲೇ ಮೂಲ ಅಳತೆ ಇರುತ್ತದೆ. ಹೆಸರಿನಲ್ಲಿ 32×32, ಒಳಗೆ 2048×2048 ಇದ್ದರೆ ಯಾರೋ ಒಂದು ಎಲೆಯನ್ನು ಅರವತ್ನಾಲ್ಕು ಪಟ್ಟು ಹಿಗ್ಗಿಸಿದ್ದಾರೆ.

1080ಪಿ ಪರದೆಯ ಕಾಲು ಭಾಗ ತುಂಬುವ ಒಂದು ವಸ್ತು ಅಂದರೆ 960×540 ಪಿಕ್ಸೆಲ್. ಅದಕ್ಕೆ 4096ರ ಟೆಕ್ಸ್ಚರ್ ಕೊಟ್ಟರೆ ಕಾಣುವುದು ಅದರ ಚೂರು ಪಾಲು ಮಾತ್ರ. ಗೋಡೆಗೆ ಮೂಗು ಹಚ್ಚಿ ನಿಂತಾಗ ಬೇರೆ ಮಾತು. 4096 ಇರುವುದನ್ನು 2048 ಮಾಡಿ, ಕಾಲು ಭಾಗ ಮೆಮೊರಿಯಲ್ಲಿ ಕೆಲಸ ಮುಗಿಯುತ್ತದೆ. ಇಮೇಜ್‌ಮ್ಯಾಜಿಕ್ ಅನ್ನುವ ಟೂಲ್‌ನಲ್ಲಿ ಶೇಕಡ 50 ಅಂತ ಕೊಟ್ಟು ಇಡೀ ಫೋಲ್ಡರನ್ನು ಒಂದೇ ಏಟಿಗೆ ಇಳಿಸಬಹುದು. ಪಿಎನ್‌ಜಿ ಇರುವಾಗಲೇ ಇಳಿಸಿ, ಆಮೇಲೆ ಡಿಡಿಎಸ್ ಮಾಡಿ. ಮೂಲ ಅಳತೆಯ ಪೂರ್ಣ ಪಟ್ಟಿನಲ್ಲೇ ಉಳಿಸಿಕೊಳ್ಳಿ, ಎರಡು, ನಾಲ್ಕು, ಎಂಟು ಹೀಗೆ. ಅದು ತಪ್ಪಿದರೆ ಡಾಲ್ಫಿನ್ ಲಾಗ್‌ನಲ್ಲಿ ಗೊಣಗುತ್ತದೆ.

ಹಂತ 7: ಒಂದೇ ಫೈಲ್ ತಕರಾರು ಮಾಡುತ್ತಿದ್ದರೆ

ಮೆಮೊರಿ ಬೇಕಾದಷ್ಟು ಖಾಲಿ ಇದೆ, ಆದರೂ ಸರಿಯಾಗಿ ಅದೇ ಬಾಗಿಲಲ್ಲಿ ಬೀಳುತ್ತಿದೆ. ಆಗ ಕೆಟ್ಟ ಫೈಲಿನ ಅನುಮಾನ. ಅರ್ಧ ಫೈಲ್‌ಗಳನ್ನು ಹೊರಗೆ ತೆಗೆಯಿರಿ, ಬಾಗಿಲು ದಾಟಿ ನೋಡಿ. ಬಿದ್ದರೆ ತಪ್ಪಿತಸ್ಥ ಒಳಗಿದ್ದಾನೆ, ಬೀಳದಿದ್ದರೆ ಹೊರಗೆ ಇಟ್ಟದ್ದರಲ್ಲಿದ್ದಾನೆ. ಅದನ್ನು ಮತ್ತೆ ಅರ್ಧ ಮಾಡಿ. 3000 ಫೈಲ್ ಇದ್ದರೂ ಹನ್ನೆರಡು ಸಲಕ್ಕೆ ಸಿಕ್ಕಿಬೀಳುತ್ತಾನೆ.

ಪೇಜ್ ಫೈಲ್ ಬಗ್ಗೆ ಒಂದು ಮಾತು

ಯಾರೋ ಹೇಳಿದರು ಅಂತ ವಿಂಡೋಸ್‌ನ ಪೇಜ್ ಫೈಲ್ ಆಫ್ ಮಾಡಿಟ್ಟುಕೊಂಡವರು ಇದ್ದಾರೆ. ವಾಪಸ್ ಆನ್ ಮಾಡಿ, ಸಿಸ್ಟಮ್ ತಾನೇ ನೋಡಿಕೊಳ್ಳಲಿ ಅನ್ನುವ ಆಯ್ಕೆ ಇಡಿ, ಎಸ್‌ಎಸ್‌ಡಿಯಲ್ಲಿ ಜಾಗ ಖಾಲಿ ಇರಲಿ. ಪ್ರೋಗ್ರಾಮ್‌ಗಳಿಗೆ ಕಮಿಟ್ ಕೊಡಲು ವಿಂಡೋಸ್‌ಗೆ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡೂ ಸೇರಿದ ಮೊತ್ತವೇ ಮಿತಿ. ಇದರಿಂದ ಆಟ ಬೀಳುವುದು ನಿಲ್ಲಬಹುದು, ವೇಗವಾಗುವುದಿಲ್ಲ.

ಫೋನ್‌ನಲ್ಲಿ ಆಡುವವರಿಗೆ

ಫೋನ್‌ನಲ್ಲಿ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇರುವುದಿಲ್ಲ, ಎಲ್ಲ ಒಂದೇ ಮಡಕೆಯಿಂದ. ಮೆಮೊರಿ ಕಮ್ಮಿಯಾದಾಗ ಆಂಡ್ರಾಯ್ಡ್ ಯಾರನ್ನೂ ಕೇಳದೆ ಆ್ಯಪ್ ಮುಚ್ಚುತ್ತದೆ. ಸಂದೇಶವಿಲ್ಲ, ಎಮ್ಯುಲೇಟರ್‌ನ ಲಾಗ್‌ನಲ್ಲಿ ಸುಳಿವಿಲ್ಲ, ಸೀದಾ ಹೋಮ್ ಸ್ಕ್ರೀನ್. ಎಮ್ಯುಲೇಟರ್ ಕ್ರ್ಯಾಶ್ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ.

ಇಲ್ಲಿ ಕಂಪ್ಯೂಟರ್‌ಗೆ ಹೇಳಿದ ಡಿಡಿಎಸ್ ಮದ್ದು ನಡೆಯದೇ ಹೋಗಬಹುದು. ಬಹಳಷ್ಟು ಫೋನ್‌ಗಳ ಗ್ರಾಫಿಕ್ಸ್ ಚಿಪ್‌ಗೆ ಬಿಸಿ7 ಓದಲು ಬರುವುದಿಲ್ಲ. ಅವು ಓದುವುದು ಎಎಸ್‌ಟಿಸಿ ಅನ್ನುವ ಬೇರೊಂದು ಮಡಚುವ ಬಗೆಯನ್ನು. ಪಿಪಿಎಸ್ಎಸ್‌ಪಿಪಿಯ ಹೊಸ ಆವೃತ್ತಿಗಳು ಡಿಡಿಎಸ್‌ನಂಥದ್ದೇ ಇನ್ನೊಂದು ಡಬ್ಬಿಯಾದ ಕೆಟಿಎಕ್ಸ್2 ಫೈಲ್ ಓದುತ್ತವೆ. ಅದರ ಒಳಗೆ ಯುಎಎಸ್‌ಟಿಸಿ ಬಗೆಯಲ್ಲಿ ಚಿತ್ರ ಇಟ್ಟರೆ ಫೋನ್‌ನಲ್ಲಿ ಎಎಸ್‌ಟಿಸಿ, ಕಂಪ್ಯೂಟರ್‌ನಲ್ಲಿ ಬಿಸಿ7 ಆಗಿ ಬದಲಾಗಬಲ್ಲದು. ಒಂದೇ ಪ್ಯಾಕ್ ಎರಡೂ ಕಡೆ ಬೇಕು ಅನ್ನುವವರು ಇದನ್ನೇ ಮಾಡಿ. ಪ್ಯಾಕನ್ನು ಜಿಪ್ ಆಗಿಯೇ ಇಡಲೂ ಅದು ಬಿಡುತ್ತದೆ. ಆಂಡ್ರಾಯ್ಡ್ 11ರ ಈಚೆಗೆ ಸಾವಿರಾರು ಬಿಡಿ ಫೈಲ್ ತೆರೆಯುವುದು ತುಂಬಾ ನಿಧಾನ, ಒಂದೇ ಜಿಪ್ ಆದರೆ ಆ ಕಾಟ ತಪ್ಪುತ್ತದೆ. ಮೆಮೊರಿ ಮಾತ್ರ ಇದರಿಂದ ಉಳಿಯುವುದಿಲ್ಲ ಅನ್ನುವುದು ನೆನಪಿರಲಿ, ಜಿಪ್ ಡಿಸ್ಕ್‌ನ ವಿಷಯ.

ಎಲ್ಲ ಮಾಡಿದರೂ ಏರುತ್ತಲೇ ಇದ್ದರೆ

ಅಂಕಿ ಏರಿದ ಮಾತ್ರಕ್ಕೆ ಸೋರಿಕೆ ಅಲ್ಲ. ನೋಡಿದ ಜಾಗಗಳ ಚಿತ್ರಗಳನ್ನು ಎಮ್ಯುಲೇಟರ್ ಮತ್ತೆ ಬೇಕಾದೀತು ಅಂತ ಇಟ್ಟುಕೊಳ್ಳುತ್ತದೆ. ವ್ಯತ್ಯಾಸ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಆಟದಲ್ಲಿ ಅಕ್ಕಪಕ್ಕದ ಎರಡು ಜಾಗ ಆರಿಸಿಕೊಂಡು, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಇಪ್ಪತ್ತು ಸಲ ಓಡಾಡಿ. ಮೊದಲ ಎರಡು ಮೂರು ಸಲ ಏರಿ ಆಮೇಲೆ ನಿಂತರೆ ಅದು ಕ್ಯಾಶ್, ಚಿಂತೆ ಬೇಡ. ಇಪ್ಪತ್ತನೇ ಸಲವೂ ಅಷ್ಟಷ್ಟೇ ಏರುತ್ತಿದ್ದರೆ ಹಿಡಿದದ್ದನ್ನು ಬಿಡುತ್ತಿಲ್ಲ ಅಂತ ಅರ್ಥ. ಅದು ಎಮ್ಯುಲೇಟರ್‌ನ ಅಥವಾ ಡ್ರೈವರ್‌ನ ತಪ್ಪು. ವಲ್ಕನ್ ಇದ್ದರೆ ಓಪನ್‌ಜಿಎಲ್‌ಗೆ ಅಥವಾ ಡೈರೆಕ್ಟ್‌ಎಕ್ಸ್‌ಗೆ ಬದಲಿಸಿ ಅದೇ ಪರೀಕ್ಷೆ ಮಾಡಿ. ಒಂದರಲ್ಲಿ ಸೋರಿ ಇನ್ನೊಂದರಲ್ಲಿ ಸೋರದಿದ್ದರೆ ಸದ್ಯಕ್ಕೆ ಸೋರದಿರುವುದರಲ್ಲಿ ಆಡಿ. ಎಮ್ಯುಲೇಟರ್ ಬರೆಯುವವರಿಗೆ ತಿಳಿಸುವಾಗ ಆವೃತ್ತಿಯ ನಂಬರ್, ಡ್ರೈವರ್ ಆವೃತ್ತಿ, ಮೊದಲನೇ ಮತ್ತು ಇಪ್ಪತ್ತನೇ ಓಡಾಟದ ಕಮಿಟ್ ಸೈಜ್, ಪ್ಯಾಕ್ ತೆಗೆದಾಗ ಅದೇ ಪರೀಕ್ಷೆಯಲ್ಲಿ ಬಂದ ಅಂಕಿ, ಇಷ್ಟನ್ನು ಕಳಿಸಿ. ಬರೀ "ಮೆಮೊರಿ ಜಾಸ್ತಿ ತಿನ್ನುತ್ತೆ" ಅಂತ ಬರೆದರೆ ಅವರು ಮತ್ತೆ ಕೇಳುವುದೂ ಇದೇ ನಾಲ್ಕನ್ನು.